ಉಪ್ಪುಗಾಳಿಗೆ ಸಡಿಲಾದ ಬಿಲ್ಲು

ಕುರುಗೋಡಿನ ಬಿಸಿಲು ಎಂಥದೆಂದು ಕೇಳಬೇಡಿ. ಬೇಸಿಗೆಯಲ್ಲಿ ಅಲ್ಲಿಯ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತವೆ. ಸುಲಿದು ಉಪ್ಪು ಹಚ್ಚಿಕೊಂಡು ತಿನ್ನುವುದೊಂದೇ ಬಾಕಿ. ಗುಡ್ಡದ ಬಂಡೆಗಳು ತಮ್ಮ ನೆರಳನ್ನು ತಾವೇ ಮಡಚಿ ಕೆಳಗೆ ಹಾಕಿಕೊಂಡು ಕೂರುತ್ತವೆ. ಆ ಬಿಸಿಲಿನಲ್ಲಿ ಒಣಗಿ ಒಣಗಿ ಪಿಂಜಾರ ಕರೀಮಸಾಬನ ಬಿಲ್ಲಿಗೆ ಎಂಥ ಕಂಠ ಬಂದಿತ್ತೆಂದರೆ, ಅವನು ಕುರುಗೋಡಿನಲ್ಲಿ ಒಂದು ಏಟು ಹಾಕಿದರೆ ಸಿರುಗುಪ್ಪದ ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು.

ಪಿಂಜಾರನ ಬಿಲ್ಲೆಂದರೆ ಬೇಟೆಯ ಬಿಲ್ಲಲ್ಲ. ಆಳುದ್ದದ ಮರದ ದಂಡ, ಅದಕ್ಕೆ ಬಿಗಿದ ಆಡಿನ ಕರುಳಿನ ತಂತಿ. ಅರಳೆಯ ಗುಡ್ಡೆಯ ಮೇಲೆ ಅದನ್ನು ಹಿಡಿದು ಮರದ ಕೊಡತಿಯಿಂದ ತಂತಿಗೆ ಬಡಿದರೆ ‘ಟುಂಯ್’ ಎಂದು ನಡುಗುತ್ತದೆ. ಗಂಟುಗಟ್ಟಿದ ಅರಳೆ ಎಳೆಎಳೆಯಾಗಿ ಬಿಚ್ಚಿ ಮೋಡದ ಹಾಗೆ ಮೇಲೇಳುತ್ತದೆ. ಕರೀಮಸಾಬ ಹಿಂಜಿದ ಅರಳೆಯ ಹಾಸಿಗೆಯ ಮೇಲೆ ಮಲಗಿದವರನ್ನು ಬೆಳಿಗ್ಗೆ ಜಂತಿಯಿಂದ ಇಳಿಸಿಕೊಳ್ಳಬೇಕಾಗುತ್ತಿತ್ತಂತೆ, ಅಷ್ಟು ಹಗುರ.

ಇಷ್ಟೆಲ್ಲ ಇದ್ದೂ ಅವನ ಮನೆಯಲ್ಲಿ ಒಂದು ಕೂಸಿನ ಹಾಸಿಗೆ ನಿಲ್ಲುತ್ತಿರಲಿಲ್ಲ. ಮಗಳು ಅಕ್ತರಬಿಯನ್ನು ಹಚ್ಚೊಳ್ಳಿಗೆ ಕೊಟ್ಟಿದ್ದ. ಎರಡು ಸಲ ಹೆರಿಗೆಗೆ ತವರಿಗೆ ಬಂದಳು, ಎರಡು ಸಲವೂ ಕೂಸು ನಲವತ್ತನೆಯ ದಿನಕ್ಕೆ ಹಾಕುವ ನಲವತ್ತರ ಸ್ನಾನ ಕಾಣಲಿಲ್ಲ. ರೋಗವಿಲ್ಲ, ಜ್ವರವಿಲ್ಲ. ಮಧ್ಯಾಹ್ನ ಮಲಗಿದ್ದು ಹಾಗೇ ಮಲಗಿಬಿಟ್ಟಿತು. ಈಗ ಮೂರನೆಯದು ಹೊಟ್ಟೆಯಲ್ಲಿತ್ತು. ಅಕ್ತರಬಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಯಾರ ಜೊತೆಗೂ ಮಾತಿಲ್ಲ. ಕರೀಮಸಾಬ ಮಗಳ ಮುಖ ನೋಡಲಾರದೆ ಬಿಲ್ಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ.

ಅವನ ತಾಯಿ ಮದಾರಬೀ ಒಂದು ದಿನ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಹೇಳಿದಳು:

"ಇದು ಅಜ್ಜನ ಸಿಟ್ಟು."

"ಯಾವ ಅಜ್ಜ, ಅವ್ವಾ?" ಎಂದ ಕರೀಮಸಾಬ.

"ಸಮುದ್ರದ ದಂಡಿ ಅಜ್ಜ. ನನ್ನ ಅತ್ತಿ ಹೇಳ್ತಿದ್ಳು. ಹಂಪಿ ರಾಯರು ಇದ್ದ ಕಾಲಕ್ಕ ಹಡಗಿನಾಗ ಕುದುರಿ ಬರ್ತಿದ್ವಂತ. ಅಜ್ಜನ ಮಗ ಆ ಕುದುರಿ ಹೊಡಕೊಂಡು ಘಟ್ಟಾ ಹತ್ತಿ ಬಂದ, ಇಲ್ಲೇ ನಿಂತುಬಿಟ್ಟ. ಅವನ ಬಳ್ಳೀನ ನಾವು. ಮುದುಕ ಅಲ್ಲೇ ಹಡಗಿನಕೇರಿ ದಂಡಿ ಮ್ಯಾಲ ಕುಂತು ಮಗನ ದಾರಿ ನೋಡಿ ನೋಡಿ ಕಣ್ಣು ಕಳಕೊಂಡು ಸತ್ತ. ಒಬ್ಬರಾದ್ರೂ ಹೋಗಿ ಮಾತಾಡಿಸಿವೇನು? ಅದಕ್ಕ ಕೂಸುಗಳನ್ನ ತನ್ನ ಹತ್ರ ಕರಸಿಕೊಳ್ಳಾಕ ಹತ್ಯಾನ."

ಸೊಸೆ ಕುಲ್ಸುಂಬೀ ಒಲೆಯ ಮುಂದಿನಿಂದಲೇ ಕೇಳಿದಳು: "ಅಲ್ಲತ್ತಿ, ಅಷ್ಟು ದೂರದವನಿಗೆ ನಮ್ಮ ಮನಿ ಗುರುತು ಹೆಂಗ ಸಿಕ್ತು?"

"ನಿನ್ನ ಬಾಯಿ ಅಲ್ಲೀತನಕ ಕೇಳಿಸಿರಬೇಕು."

ಕುಲ್ಸುಂಬೀ ಊದುಗೊಳವೆ ಎತ್ತಿಕೊಂಡು ಒಲೆ ಊದತೊಡಗಿದಳು. ಪಿಂಜಾರರ ಮನೆಯಲ್ಲಿ ಒಂದು ಪದ್ಧತಿಯುಂಟು. ಹುಟ್ಟಿದ ಕೂಸು ಮೊದಲು ಮಲಗಬೇಕಾದದ್ದು ತಾಯಿಯ ತಂದೆ ತನ್ನ ಕೈಯಾರೆ ಹಿಂಜಿದ ಅರಳೆಯ ಮೇಲೆ. ಬೇರೆಯವರ ಹಾಸಿಗೆ ತಾಗಕೂಡದು. ಮದಾರಬೀಯ ಅಪ್ಪಣೆ ಏನೆಂದರೆ, ಈ ಸಲ ಆ ಅರಳೆಯನ್ನು ಅಜ್ಜನ ಗೋರಿಯ ಮುಂದೆಯೇ ಹಿಂಜಬೇಕು. ಕಣ್ಣಿಲ್ಲದ ಮುದುಕ, ಬಿಲ್ಲಿನ ಸಪ್ಪಳ ಕೇಳಿದರೆ ‘ಓಹೋ, ನನ್ನ ಮಕ್ಕಳು ಬಂದರು’ ಎಂದು ಗುರುತು ಹಿಡಿಯುತ್ತಾನೆ, ಕೂಸಿನ ಕೈ ಬಿಡುತ್ತಾನೆ.

ಕರೀಮಸಾಬ ನಂಬಿದನೋ ಬಿಟ್ಟನೋ, ಹೇಳುವುದು ಕಷ್ಟ. ಮಗಳು ಮಾತ್ರ ಬಹಳ ದಿನಗಳ ಮೇಲೆ ಗೋಡೆ ಬಿಟ್ಟು ಮುಂದಕ್ಕೆ ಬಾಗಿ, "ಹೋಗಿ ಬಾ ಅಪ್ಪಾ," ಎಂದಳು. ಅಷ್ಟು ಸಾಕಾಯಿತು.

ದಾರಿ ತೋರಿಸುವವನು ಬೇಕಲ್ಲ? ಇದ್ದನಲ್ಲ ಸಿರುಗುಪ್ಪದ ಸುಂಕಣ್ಣ! ಹತ್ತಿಯ ಗಾಡಿ ಹೊಡೆಯುವವನು. ಅವನ ಎತ್ತುಗಳು ಅವನ ಮಾತು ಕೇಳಿ ಕೇಳಿ ಸುಸ್ತಾಗಿ ತಾವಾಗಿಯೇ ಬೇಗ ನಡೆಯುತ್ತಿದ್ದವು, ಊರು ಬಂದರೆ ಸಾಕೆಂದು. ಸಮುದ್ರ ನೋಡಿದ್ದೇನೆಂದು ಊರೂರಿಗೆ ಹೇಳಿದವನು ಆ ಸೀಮೆಯಲ್ಲಿ ಅವನೊಬ್ಬನೇ.

"ಸಮುದ್ರ ಏನು ಮಹಾ!" ಎಂದ ಸುಂಕಣ್ಣ. "ನಾ ಅದರಾಗ ಎತ್ತಿನ ಮೈ ತೊಳದೀನಿ. ಹಗರಿ ಹೊಳಿಗಿಂತ ಒಂದೀಟು ದೊಡ್ಡದು. ಮೊಣಕಾಲುಮಟ ಎತ್ತಿ ಕಟ್ಟಿದ್ರ ದಾಟಬಹುದು."

"ನೀರು ಉಪ್ಪಂತಲ್ಲೋ?"

"ಉಪ್ಪು ಅಂದ್ರ ಎಂಥಾ ಉಪ್ಪು! ಬ್ಯಾಳಿ ಹಾಕಿ ಕುದಿಸಿದ್ರ ಸಾರು ತಯಾರು."

ಯಾವಾಗ ಹೊರಡುವುದು? ಅಕ್ತರಬಿಯ ದಿನ ತುಂಬುವುದು ಶ್ರಾವಣಕ್ಕೆ. ಮುಂಗಾರಿನ ಮಿರಗ ಮಳೆ ಹತ್ತುವ ಹೊತ್ತಿಗೆ ಹೊರಟರೆ ಶುಭ ಎಂದರು ಎಲ್ಲರೂ. ಪಕ್ಕದ ಮನೆಯ ದೊಡ್ಡಬಸಮ್ಮ ತೆಂಗಿನಕಾಯಿ ಕೊಟ್ಟು ಹರಸಿದಳು: "ಮಳಿ ಸಂಗಾಟ ಹೊಂಟೀರಿ. ಇದಕ್ಕಿಂತ ಚಲೋ ಶಕುನ ಐತೇನು?"

"ತೊಯ್ದು ಹೋದ್ರ?" ಎಂದು ಕುಲ್ಸುಂಬೀ ಕೇಳಿದ್ದಕ್ಕೆ ಊರೇ ನಕ್ಕಿತು. ಬಳ್ಳಾರಿ ಸೀಮೆಯವರಿಗೆ ಮಳೆ ಎಂದರೆ ಬೀಗರ ಹಾಗೆ, ಬಂದರೆ ಪುಣ್ಯ, ಕೂರಿಸಿ ಮಾತಾಡಿಸುವಷ್ಟರಲ್ಲಿ ಎದ್ದು ಹೋಗಿರುತ್ತದೆ.

"ಮಳಿ ಎಷ್ಟೊತ್ತು ಬಂದೀತೇ ತಂಗಿ?" ಎಂದ ಸುಂಕಣ್ಣ. "ಚುಟ್ಟಾ ಹಚ್ಚಿ ಆರೋದ್ರಾಗ ನಿಲ್ಲತೈತಿ."

ಹೀಗೆ, ಹೊರಡಬಾರದ ಕಾಲಕ್ಕೆ, ಊರೆಲ್ಲರ ಆಶೀರ್ವಾದದೊಂದಿಗೆ ಕರೀಮಸಾಬ, ಮದಾರಬೀ, ಸುಂಕಣ್ಣ ಮೂವರು ಹೊರಟರು.

ಬಳ್ಳಾರಿಯಲ್ಲಿ ರೈಲು ಹತ್ತುವ ಮೊದಲೇ ಒಂದು ಗಂಡಾಂತರ. ಕಂಟೋನ್ಮೆಂಟಿನ ಹತ್ತಿರ ಒಬ್ಬ ಗೋರಾ ಸಿಪಾಯಿ ಆಳುದ್ದದ ಬಿಲ್ಲನ್ನು ನೋಡಿ ಅಡ್ಡಗಟ್ಟಿದ. ಯುದ್ಧಕ್ಕೆ ಬಂದಿದ್ದಾರೆಂದು ಅವನ ಲೆಕ್ಕ. ಕರೀಮಸಾಬನಿಗೆ ಅವನ ಮಾತು ತಿಳಿಯದು, ಅವನಿಗೆ ಇವನದು ತಿಳಿಯದು. ಕೊನೆಗೆ ಚೀಲದಿಂದ ಒಂದು ಹಿಡಿ ಅರಳೆ ತೆಗೆದು ಅಲ್ಲೇ ನಾಲ್ಕು ಏಟು ಹಾಕಿ ತೋರಿಸಿದ. ಬಿಲ್ಲು ‘ಟುಂಯ್ ಟುಂಯ್’ ಎಂದು ಎಂಥ ಚೆನ್ನಾಗಿ ಹಾಡಿತು! ಅರಳೆ ಹಾರಿ ಸಿಪಾಯಿಯ ಮೀಸೆ, ಹುಬ್ಬು, ಟೊಪ್ಪಿಗೆಯೆಲ್ಲ ಬೆಳ್ಳಗಾಯಿತು. ಅವನು ಸೀನುತ್ತಾ ಕೈಬೀಸಿ ಹೋಗೆಂದ. ಆ ಸೀನಿಗೆ ಕೋಟೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು.

"ನೋಡಿದ್ಯಾ ಬಿಲ್ಲಿನ ಬಾಯಿ?" ಎಂದಳು ಮದಾರಬೀ. "ಅಜ್ಜಗ ಕೇಳದಽ ಇರತೈತೇನು?"

ಬಿಲ್ಲು ಸರಿಯಾಗಿ ಬಾಯಿ ಬಿಟ್ಟದ್ದು ಅದೇ ಕೊನೆ.

ಹುಬ್ಬಳ್ಳಿಯವರೆಗೆ ರೈಲು. ಅಲ್ಲಿಂದ ಕುಮಟೆಯ ಕಡೆಗೆ ಹೊರಟಿದ್ದ ಕಡೆಯ ಹತ್ತಿಯ ಗಾಡಿಗಳಲ್ಲೊಂದು ಸಿಕ್ಕಿತು. ಘಟ್ಟ ಇಳಿಯುವಾಗ ಮೊದಲ ಹನಿ ಬಿತ್ತು. ಮದಾರಬೀ ಗಾಡಿಯಿಂದ ಕತ್ತು ಚಾಚಿ ನಾಲಿಗೆಯ ಮೇಲೆ ಹಿಡಿದು ನಕ್ಕಳು. ಸುಂಕಣ್ಣ ಚುಟ್ಟಾ ಹಚ್ಚಿದ. ಚುಟ್ಟಾ ಮುಗಿಯಿತು. ಇನ್ನೊಂದು ಹಚ್ಚಿದ. ಅದು ಅರ್ಧಕ್ಕೆ ನೆನೆದು ಆರಿತು. ಘಟ್ಟ ಇಳಿದಾಯಿತು, ಮಳೆ ನಿಲ್ಲಲಿಲ್ಲ. ಉಂಡರು, ಮಲಗಿದರು, ಎದ್ದರು. ಮಳೆ ಉಣ್ಣಲೂ ಇಲ್ಲ, ಮಲಗಲೂ ಇಲ್ಲ.

"ಸುಂಕಣ್ಣ, ಇದು ಯಾವಾಗ ನಿಲ್ಲತೈತಿ?" ಎಂದು ಕರೀಮಸಾಬ ಗಾಡಿಯವನಿಗೂ ಕೇಳುವಂತೆ ಕೂಗಿದ.

ಗಾಡಿಯವನು ಹಿಂದೆ ತಿರುಗದೆ ಹೇಳಿದ: "ಗಣಪತಿ ಹಬ್ಬಕ್ಕೆ."

ಹಡಗಿನಕೇರಿ ಒಂದು ತೊರೆ ಸಮುದ್ರ ಸೇರುವ ಬಾಯಲ್ಲಿತ್ತು. ತೆಂಗಿನ ತೋಟ ದಾಟಿದ್ದೇ ಎದುರಿಗೆ ಸಮುದ್ರ. ಮೂವರೂ ನಿಂತಲ್ಲೇ ನಿಂತರು. ಆಕಾಶ ಯಾವುದು, ನೀರು ಯಾವುದು ಎಂದು ಗೆರೆ ಎಳೆಯುವಂತಿಲ್ಲ. ಬಳ್ಳಾರಿ ಗುಡ್ಡದಷ್ಟು ನೀರು ಎದ್ದು, ಬಾಗಿ, ಬಿದ್ದು, ಮತ್ತೆ ಎದ್ದು ಬರುತ್ತಿತ್ತು. ಸುಂಕಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಒಳಗೆ ಮಳೆನೀರು ತುಂಬಿತು.

"ದಾಟು ನೋಡೋಣು," ಎಂದ ಕರೀಮಸಾಬ. "ಮೊಣಕಾಲುಮಟ ಎತ್ತಿ ಕಟ್ಟಲೇನು?"

ಸುಂಕಣ್ಣ ಬಾಯಲ್ಲಿನ ನೀರು ಉಗುಳಿದ. "ನಾ ನೋಡಿದ್ದು ಇದಲ್ಲ. ಅದು ಬ್ಯಾರೆ."

"ಎಷ್ಟು ಅದಾವೋ ಸಮುದ್ರ, ಸುಳ್ಳಮಲ್ಲ?"

"ಕರೀಮಣ್ಣ," ಎಂದ ಅವನು ತಗ್ಗಿದ ದನಿಯಲ್ಲಿ, "ಇದು ಏನೋ ಇದು? ಇದರ ಮುಂದ ನಾ ಹೇಳಿದ ಸುಳ್ಳೆಲ್ಲಾ ಸಣ್ಣವಾಗಿಬಿಟ್ಟಾವಲ್ಲೋ."

ಊರಿನ ಹಳೆ ಮಸೀದಿಯ ಪಕ್ಕದಲ್ಲಿ ಗೋರಿಗಳನ್ನು ನೋಡಿಕೊಂಡಿದ್ದ ಮೀರಾನ್ ಮುಜಾವರನ ಮನೆ. ಒಣಗಿದ ಸೋರೆಯ ಹಾಗಿದ್ದ ಮುದುಕ. ಘಟ್ಟದ ಮೇಲಿನವರು ಮಳೆಗಾಲದಲ್ಲಿ ಬಂದದ್ದನ್ನು ನೋಡಿ ಅವನು ಎರಡು ಸಲ ಕಣ್ಣುಜ್ಜಿಕೊಂಡ. ಆಮೇಲೆ, "ಯಾರಾದರೂ ಓಡಿಸಿದರನಾ?" ಎಂದು ಕೇಳಿದ. ವಿಷಯ ತಿಳಿದ ಮೇಲೆ ಜಗಲಿಯಲ್ಲಿ ಜಾಗ ಕೊಟ್ಟು, ಗಂಜಿ ಕೊಟ್ಟು, ತಾಳೆಗರಿಯ ಕೊಡೆ ಹಿಡಿದು ಊರು ತೋರಿಸಲು ಕರೆದುಕೊಂಡು ಹೋದ.

ಹಳೆಯದೆಂದರೆ ಹಳೆಯ ಊರು. ಮಸೀದಿಯ ಮರದ ಮಾಡು ಬೋರಲು ಹಾಕಿದ ಹಡಗಿನ ಹಾಗಿತ್ತು. ಅದಕ್ಕೂ ಪಕ್ಕದ ದೇವಸ್ಥಾನಕ್ಕೂ ಒಂದೇ ಕೆರೆ. ಕೆರೆಯ ದಂಡೆಯಲ್ಲಿ ಒಂದು ಬರಹದ ಕಲ್ಲು. ಅದನ್ನು ಓದಬಲ್ಲವರು ಸತ್ತು ಎಷ್ಟು ಕಾಲವಾಯಿತೋ, ಈಗ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ತೊರೆಯ ಬದಿಗೆ ಅಗಲವಾದ ಮೆಟ್ಟಿಲುಗಳು. ಮನುಷ್ಯರಿಗೆ ಅಷ್ಟು ಅಗಲ ಬೇಡ.

"ಕುದುರೆ ಇಳಿಸ್ತಿದ್ದದ್ದು ಇಲ್ಲೇ," ಎಂದ ಮುಜಾವರ. ಕೆಂಪು ಕಲ್ಲಿನಲ್ಲಿ ಕಡೆದ ಉದ್ದನೆಯ ದೋಣಿಯೊಂದನ್ನು ತೋರಿಸಿದ. "ಇದ್ರಲ್ಲಿ ಕುಡಿಯೂಕೆ ನೀರು ಹಾಕ್ತಿದ್ರು."

ಮದಾರಬೀ ಬಾಗಿ ಆ ಕಲ್ಲಿನ ಅಂಚು ಮುಟ್ಟಿದಳು. ಕುದುರೆಗಳ ಕತ್ತು ಉಜ್ಜಿ ಉಜ್ಜಿ ಅಂಚು ನುಣ್ಣಗಾಗಿತ್ತು. "ಕರೀಮಾ, ಸುಳ್ಳಲ್ಲಲೇ," ಎಂದಳು. ಅವಳ ಗಲ್ಲದ ಮೇಲೆ ಇಳಿದದ್ದು ಮಳೆಯೋ ಕಣ್ಣೀರೋ, ಆ ಊರಿನಲ್ಲಿ ಬೇರೆ ಮಾಡುವುದು ಸಾಧ್ಯವಿರಲಿಲ್ಲ.

ಕರೀಮಸಾಬನಿಗೂ ಅರೆಗಳಿಗೆ ಎದೆ ತುಂಬಿ ಬಂತು. "ಹಂಗಾದ್ರ ಅಜ್ಜನ ಗೋರಿ ತೋರಸ್ರಿ," ಎಂದ.

"ಯಾವ ಅಜ್ಜ?"

"ಕಣ್ಣು ಹೋದ ಅಜ್ಜ. ಮಗನ ದಾರಿ ಕಾದು ಕಾದು ಸತ್ತಾವ."

ಮುಜಾವರ ಕೊಡೆಯನ್ನು ಹೆಗಲಿಗೆ ಒರಗಿಸಿ ನಿಂತ. "ಈ ಕೇರಿಯಲ್ಲಿ ಮಗನ ದಾರಿ ಕಾಯದೆ ಸತ್ತವ್ರು ಯಾರಿದ್ದಾರೆ ಮಾರಾಯ್ರೆ? ಹಡಗು ಹತ್ತಿದವ್ರೆಲ್ಲ ತಿರುಗಿ ಬರ್ತಾರನಾ?"

ಗೋರಿಗಳಿಗೆ ಹೆಸರಿರಲಿಲ್ಲ. ಪಾಚಿ ಕಟ್ಟಿದ ಕಲ್ಲುಗಳು, ಒಂದರ ಪಕ್ಕ ಒಂದು, ದಂಡೆಯ ಇಳಿಜಾರಿನವರೆಗೆ. ಇಳಿಜಾರಿನ ಅಂಚಿಗೆ ಒಂದು ಕಲ್ಲು ಅರ್ಧ ನೆಲದಲ್ಲಿ, ಅರ್ಧ ಗಾಳಿಯಲ್ಲಿ. ಅದರ ಕೆಳಗೆ ಸಮುದ್ರ.

"ಮುಂದಿನ ಸಾಲು ನನ್ನಜ್ಜನ ಕಾಲಕ್ಕೆ ನೀರಿಗೆ ಹೋಯ್ತು. ಅದರ ಹಿಂದಿಂದು ಅಪ್ಪನ ಕಾಲಕ್ಕೆ. ನಿಮ್ಮ ಅಜ್ಜ ಅಷ್ಟು ಹಳಬನಾದ್ರೆ..." ಮುಜಾವರ ಸಮುದ್ರದ ಕಡೆ ಗದ್ದ ತೋರಿಸಿದ.

ಕರೀಮಸಾಬ ಸೋತು ಬಂದ ದಾರಿಗೆ ತಿರುಗಿದ. ತಾಯಿ ಸೋಲಲಿಲ್ಲ. "ನೀರಾಗಿದ್ರೇನಾತು? ಜೋರಾಗಿ ಹೊಡಿ. ಕೇಳತೈತಿ."

ಜಗಲಿಗೆ ಬಂದು ಬಿಲ್ಲಿನ ಗೋಣಿ ಬಿಚ್ಚಿದ. ಅರಳೆ ಹಾಸಿದ. ಬಿಸ್ಮಿಲ್ಲಾ ಎಂದು ಕೊಡತಿ ಎತ್ತಿ ಏಟು ಹಾಕಿದ.

‘ಬದ್.’

ಮತ್ತೊಂದು ಹಾಕಿದ. ‘ಬದ್.’ ತೊಯ್ದ ಕತ್ತೆಯ ಬೆನ್ನಿಗೆ ಬಡಿದ ಹಾಗೆ. ತಂತಿ ಸೋಮಾರಿಯ ಸೊಂಟದ ಹಾಗೆ ಜೋತುಬಿದ್ದಿತ್ತು. ಸಿರುಗುಪ್ಪದ ಎಮ್ಮೆಗಳನ್ನು ಎಬ್ಬಿಸಿದ ಬಿಲ್ಲು ಪಕ್ಕದಲ್ಲಿ ಮಲಗಿದ್ದ ಬೆಕ್ಕನ್ನು ಎಬ್ಬಿಸಲಿಲ್ಲ. ಕೆಳಗಿನ ಅರಳೆಯೋ, ತಂಗಳು ಮುದ್ದೆಯ ಹಾಗೆ ಬಿದ್ದಲ್ಲೇ ಬಿದ್ದಿತ್ತು.

ಬಿಗಿದ. ಇನ್ನೂ ಬಿಗಿದ. ಬಿಗಿದಷ್ಟೂ ಉಪ್ಪುಗಾಳಿ ಬಂದು ಸಡಿಲಿಸಿತು. ಹುಟ್ಟಿದಾಗಿನಿಂದ ಆ ಬಿಲ್ಲಿನ ಜೊತೆ ಬೆಳೆದವನು ಕರೀಮಸಾಬ. ಕರುಳಿನ ತಂತಿ ಗಾಳಿಯಲ್ಲಿನ ಪಸೆಗೂ ಹೆದರುತ್ತದೆಂಬುದು ಅವನಿಗೆ ಗೊತ್ತಾಗಲು ಕುರುಗೋಡಿನ ಗಾಳಿಯಲ್ಲಿ ಪಸೆ ಎಂಬುದೇ ಇರಲಿಲ್ಲವಲ್ಲ!

"ಬೆಂಕಿಗೆ ಹಿಡಿ," ಎಂದ ಸುಂಕಣ್ಣ. ಮುಜಾವರನ ಮನೆಯವರು ತೆಂಗಿನ ಸಿಪ್ಪೆ ಹೊತ್ತಿಸಿಕೊಟ್ಟರು. ಹೊಗೆಯಲ್ಲಿ ಕೆಮ್ಮುತ್ತಾ ತಂತಿ ಕಾಯಿಸಿದ. ತಂತಿ ಬಿಗಿಯಿತು. ‘ಟುಂ...’ ಎಂದಿತು. ಮದಾರಬೀ ಕೈ ಮುಗಿದಳು. ಎರಡನೆಯ ಏಟಿಗೆ ಮತ್ತೆ ‘ಬದ್.’

ಹೀಗೆ ದಿನಗಳು ಹೋದವು. ಮಳೆ ಸ್ವಲ್ಪ ಸಣ್ಣದಾಯಿತೆಂದರೆ ಕರೀಮಸಾಬ ಬಿಲ್ಲು ಹಿಡಿದು ಗೋರಿಗಳ ಕಡೆ ಓಡುವನು. ಅವನು ಅಲ್ಲಿ ಮುಟ್ಟುವಷ್ಟರಲ್ಲಿ ಮಳೆಯೂ ಮುಟ್ಟುವುದು. ಅರಳೆ ತೊಯ್ಯದಿರಲೆಂದು ಮದಾರಬೀ ಅದನ್ನು ಸೀರೆಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಕೂತಿರುತ್ತಿದ್ದಳು. ದೂರದಿಂದ ನೋಡಿದರೆ ಆ ಮುದುಕಿಯೇ ದಿನ ತುಂಬಿದ ಬಸುರಿ.

"ಯಾವ ತಿಂಗಳು ಮದಾರವ್ವಾ?" ಎಂದು ಸುಂಕಣ್ಣ ಕೇಳಿದರೆ, "ಮುಚ್ಚು ಬಾಯಿ. ಹುಟ್ಟಿದ್ರ ನಿನ್ನಂಗ ಸುಳ್ಳ ಹುಟ್ಟದಿರಲಿ ಸಾಕು," ಎನ್ನುತ್ತಿದ್ದಳು.

ಹಿಂದಕ್ಕೆ ಹೋಗೋಣವೆಂದರೆ ಗಾಡಿಯಿಲ್ಲ. ಘಟ್ಟದ ದಾರಿ ಕೆಸರಾಗಿ ಗಾಡಿಗಳೆಲ್ಲ ಬಿಡಾರ ಹೂಡಿದ್ದವು. ಮುಂದಕ್ಕೆ ಹೋಗೋಣವೆಂದರೆ ಸಮುದ್ರ. ಅತ್ತ ಶ್ರಾವಣ ಹತ್ತಿರವಾಗುತ್ತಿತ್ತು. ಕರೀಮಸಾಬ ಗಂಜಿಯ ತಟ್ಟೆಯ ಮುಂದೆ ಕೂತರೆ ತಟ್ಟೆಯಲ್ಲಿ ಮಗಳ ಮುಖ.

ಒಂದು ಸಂಜೆ ಮುಜಾವರ, ತಡೆಯಲಾರದೆ, ಮೆಲ್ಲಗೆ ಅವನನ್ನು ಕೇಳಿದ: "ಒಂದು ಮಾತು ಹೇಳಲಾ? ಸಿಟ್ಟಾಗಬೇಡಿ. ಇಲ್ಲಿ ಹತ್ತಿ ಬೆಳೆಯೂದಿಲ್ಲ. ನಾವು ಹಿಂದಿನಿಂದ್ಲೂ ಚಾಪೆಯ ಮೇಲೆ ಮಲಗೂವ್ರು. ಈ ಅರಳೆ ಹಿಂಜುವ ಸಪ್ಪಳ ನಿಮ್ಮ ಅಜ್ಜ ಯಾವಾಗ ಕೇಳಿದ್ದ, ಗುರುತು ಹಿಡಿಯೂಕೆ?"

ಕರೀಮಸಾಬ ಗಂಜಿಯ ತಟ್ಟೆ ಕೆಳಗಿಟ್ಟ. ಹೌದಲ್ಲ. ಪಿಂಜಾರರಾದದ್ದು ಘಟ್ಟ ಹತ್ತಿ ಹೋದ ಮೇಲೆ, ಎರೆಮಣ್ಣಿನ ಹತ್ತಿ ಕಂಡ ಮೇಲೆ. ಸಮುದ್ರದ ದಂಡೆಯ ಮುದುಕನಿಗೆ ಬಿಲ್ಲೆಂದರೆ ಏನು ಗೊತ್ತು? ಇಷ್ಟು ದೂರ ಬಂದದ್ದು, ತೊಯ್ದದ್ದು, ಎಲ್ಲ ಕಿವುಡನ ಮುಂದೆ ಕಿನ್ನರಿ ಬಾರಿಸಲು. ತಾಯಿಗೆ ಕೇಳಿಸಿತೋ ಏನೋ ಎಂದು ಹೊರಳಿ ನೋಡಿದ. ಕೇಳಿಸಿತ್ತು. ಹೊಟ್ಟೆಯ ಮೇಲಿನ ಅರಳೆಯ ಗಂಟು ಸವರುತ್ತಾ ಕೂತಿದ್ದಳು.

"ಹಂಗಾದ್ರ ಇನ್ನೂ ಚಲೋ ಆತು," ಎಂದಳು ಮದಾರಬೀ. "ಇದೇನಪಾ ಹೊಸಾ ಸಪ್ಪಳ ಅಂತ ತಿರುಗಿ ನೋಡ್ತಾನ."

ಮಾರನೆಯ ದಿನ ಕರೀಮಸಾಬ ಹಟ ಹಿಡಿದ. ಕೆಂಡದ ಮೇಲೆ ತಂತಿಯನ್ನು ಎಂದಿಗಿಂತ ಹೆಚ್ಚು ಹೊತ್ತು ಹಿಡಿದ, ಎಂದಿಗಿಂತ ಹೆಚ್ಚು ಬಿಗಿದ. ಬಿಲ್ಲನ್ನು ಎದೆಗವಚಿಕೊಂಡು ಗೋರಿಗಳತ್ತ ಓಡಿದ. ಹಿಂದೆ ತಾಯಿ, ಅವಳ ಹಿಂದೆ ಕೊಡೆ ಹಿಡಿದು ಸುಂಕಣ್ಣ. ಅಂಚಿನ ಕಲ್ಲಿನ ಹತ್ತಿರ ಮೊಣಕಾಲೂರಿ, ಕೊಡತಿ ಎತ್ತಿದ.

‘ಟಪ್’ ಎಂದು ತಂತಿ ಹರಿದು ಅವನ ಗಲ್ಲಕ್ಕೆ ಬಾರಿಸಿತು.

ಗೋಣಿಯಲ್ಲಿ ಇನ್ನೊಂದು ತಂತಿಯಿತ್ತು. ಅದು ನೆನೆದ ಶ್ಯಾವಿಗೆಯಾಗಿತ್ತು. ಕರೀಮಸಾಬ ಗಲ್ಲ ಹಿಡಿದುಕೊಂಡು ಕೆಸರಿನಲ್ಲಿ ಕೂತ. ಬೈಯಬೇಕೆಂದರೆ ಯಾರನ್ನು? ಮಳೆಯನ್ನೇ? ಮಳೆಯನ್ನು ಬೈದರೆ ಬಳ್ಳಾರಿ ಸೀಮೆಯವನ ನಾಲಿಗೆ ಸೇದಿ ಹೋಗುತ್ತದೆ.

ಆಗ ಮದಾರಬೀ ಅವನ ಪಕ್ಕದಲ್ಲಿ ಕುಕ್ಕರಿಸಿದಳು. ಹೊಟ್ಟೆಯಿಂದ ಅರಳೆ ತೆಗೆದು ಮಗನ ಮಡಿಲಿಗೆ ಹಾಕಿ, "ಬೆರಳಿಂದ ಹಿಂಜು," ಎಂದಳು. ಸಮುದ್ರದ ಕಡೆ ಮುಖ ಮಾಡಿ, ಹಲ್ಲಿಲ್ಲದ ಬಾಯಿಂದ ಕೂಗಿದಳು:

"ಟುಂಯ್! ಟುಂಯ್! ಟುಂಯ್!"

ಸುಂಕಣ್ಣನಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವನೂ ಕೊಡೆ ಕೆಳಗಿಟ್ಟು ದಪ್ಪ ದನಿಯಲ್ಲಿ ಸೇರಿಸಿದ: "ಟುಂಯ್! ಟುಂಯ್! ಅಜ್ಜೋ! ಇವರು ನಿಮ್ಮವರಽ ಅದಾರಪೋ! ಕೂಸಿನ ಕೈ ಬಿಡಪೋ! ಈ ಮಾತು ಮಾತ್ರ ಸುಳ್ಳಲ್ಲಪೋ!"

ಕರೀಮಸಾಬ ಬೆರಳಿನಿಂದ ಅರಳೆ ಬಿಡಿಸುತ್ತಿದ್ದ. ಬಿಡಿಸಿದ್ದನ್ನು ಮಳೆ ಮತ್ತೆ ಮುದ್ದೆ ಮಾಡುತ್ತಿತ್ತು. ಒಂದು ದೊಡ್ಡ ಅಲೆ ಅಂಚಿಗೆ ಬಡಿದು ಮೂವರನ್ನೂ ಅರಳೆಯನ್ನೂ ತೋಯಿಸಿ ಹಿಂದಕ್ಕೆ ಹೋಯಿತು. ಅಜ್ಜ ಹೂಂ ಎಂದನೋ ಉಹೂಂ ಎಂದನೋ, ಆ ಅಲೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ಮಳೆ ನಾಲ್ಕು ದಿನ ಹೊಳವು ಕೊಟ್ಟಾಗ ಮುಜಾವರನೇ ಓಡಾಡಿ ಒಂದು ಬರಿಗಾಡಿ ಗೊತ್ತು ಮಾಡಿಕೊಟ್ಟ. ಏರಿನಲ್ಲಿ ಇಳಿದು ತಳ್ಳುತ್ತ, ಕೆಸರಿನಲ್ಲಿ ಗಾಲಿ ಎತ್ತುತ್ತ ಘಟ್ಟ ಹತ್ತಿದರು. ರೈಲು ಗದಗ ದಾಟಿ ಬಿಸಿಲಿಗೆ ಬಿದ್ದ ಮೇಲೆ ಕರೀಮಸಾಬ ಗೋಣಿಯಿಂದ ಎರಡನೆಯ ತಂತಿ ತೆಗೆದು ಬಿಲ್ಲಿಗೆ ಕಟ್ಟಿದ, ಏನಾದರೂ ಮಾಡಬೇಕಲ್ಲ ಎಂದು. ಬಳ್ಳಾರಿ ಹತ್ತಿರ ಬರುತ್ತಿದ್ದಂತೆ, ಯಾರೂ ಮುಟ್ಟದೆಯೇ, ರೈಲಿನ ಕುಲುಕಾಟಕ್ಕೆ ಅದು ‘ಟುಂಯ್’ ಎಂದಿತು.

ಮದಾರಬೀ ಅದಕ್ಕೆ ಫಟ್ಟನೆ ಒಂದು ಏಟು ಕೊಟ್ಟಳು. "ಈಗ ಬಾಯಿ ಬಂತೇನು ನಿನಗ?"

ಕುರುಗೋಡಿನ ಮನೆಯ ಬಾಗಿಲಲ್ಲಿ, ಹೆರಿಗೆಯಾದ ಮನೆಯ ಗುರುತಾಗಿ, ಬೇವಿನ ಸೊಪ್ಪು ಕಟ್ಟಿತ್ತು. ಕರೀಮಸಾಬ ಹೊಸ್ತಿಲ ಹೊರಗೇ ನಿಂತ. ಒಳಗಿನಿಂದ ಕುಲ್ಸುಂಬೀ ಬಂದಳು.

"ದಿನ ತುಂಬೋಕಿಂತ ಮೊದಲಽ ಆತು. ಹೆಣ್ಣು ಕೂಸು."

"ಐತೇನು?"

"ಐತಿ."

"ಯಾತರ ಮ್ಯಾಲ ಮಲಗಿಸೀರಿ?"

ಕುಲ್ಸುಂಬೀ ಉತ್ತರ ಕೊಡುವ ಮೊದಲೇ ಅವನಿಗೆ ಕಂಡಿತು. ಬಾಣಂತಿಯ ಮಗ್ಗುಲಿಗೆ, ದೊಡ್ಡಬಸಮ್ಮನ ಹಳೆ ಸೀರೆಗಳ ಕೌದಿಯ ಮೇಲೆ, ಹಿಡಿಯಷ್ಟು ಒಂದು ಜೀವ.

"ಬರೇ ನೆಲದ ಮ್ಯಾಲ ಹಾಕಲೇನು ಮತ್ತ?" ಎಂದಳು ಕುಲ್ಸುಂಬೀ. "ನೀವು ಅರಳಿ ತರ್ತೀರಿ, ತರ್ತೀರಿ ಅಂತ ದಾರಿ ನೋಡಿ ನೋಡಿ..."

ಅಕ್ತರಬಿ ಅಪ್ಪನ ಮುಖ ನೋಡಿದಳು. "ಅಜ್ಜ ಏನಂದ ಅಪ್ಪಾ?"

ಕರೀಮಸಾಬ ಬಿಲ್ಲನ್ನು ಗೋಡೆಗೆ ಒರಗಿಸತೊಡಗಿದ. ಸುಂಕಣ್ಣ ಹಿಂದಿನಿಂದ ಹೇಳಿಬಿಟ್ಟ: "ಹೂಂ ಅಂದ ತಾಯಿ! ನನ್ನ ಕಿವಿಲೆ ಕೇಳೀನಿ. ಬಳ್ಳಾರಿ ಗುಡ್ಡದಷ್ಟು ದೊಡ್ಡ ಹೂಂ!"

ಆ ಸೀಮೆಯಲ್ಲಿ ಸುಂಕಣ್ಣನ ಮಾತು ನಂಬಿದವರು ಯಾರೂ ಇರಲಿಲ್ಲ. ಆವತ್ತು ಎಲ್ಲರೂ ನಂಬಲು ಪ್ರಯತ್ನಪಟ್ಟರು.

ಕರೀಮಸಾಬ ಅಂಗಳದಲ್ಲಿ ಕೂತು ಸಮುದ್ರದಲ್ಲಿ ತೊಯ್ದ ಅರಳೆಯನ್ನು ಬಿಸಿಲಿಗೆ ಹರವಿ ಹಿಂಜತೊಡಗಿದ. ಬಿಲ್ಲು ಹಿಂದೆಂದೂ ಹಾಡದ ಹಾಗೆ ಹಾಡಿತು. ಪುಟ್ಟ ಹಾಸಿಗೆ ತಯಾರಾಯಿತು, ಉಪ್ಪಿನ ವಾಸನೆಯದು, ಎಷ್ಟು ಒಣಗಿಸಿದರೂ ಮೋಡ ಬಂದರೆ ಪಸೆಯಾಗುವಂಥದು. ಕೂಸನ್ನು ಅದರ ಮೇಲೆ ಹಾಕಿದರು. ಬಿಲ್ಲು ನಿಂತದ್ದೇ ತಡ, ಕೂಸು ಕಿಟಾರನೆ ಕಿರುಚಿಕೊಂಡಿತು.

ಹಾಲು ಕೊಟ್ಟರು, ತೂಗಿದರು, ದೃಷ್ಟಿ ತೆಗೆದರು. ಕೊನೆಗೆ ದೊಡ್ಡಬಸಮ್ಮ ಹೇಳಿದಳು: "ಕರೀಮಣ್ಣ, ಬಿಲ್ಲು ಹೊಡಿ ನೋಡೋಣು."

ಹೊಡೆದ. ಕೂಸು ಗಪ್ ಚುಪ್. ನಿಲ್ಲಿಸಿದ. ಕಿಟಾರ್!

ಅಲ್ಲಿಂದ ಮುಂದೆ ಕರೀಮಸಾಬನಿಗೆ ಬಿಡುವಿಲ್ಲ. ತನ್ನ ಮನೆಯ ಹಾಸಿಗೆಗಳನ್ನೆಲ್ಲ ಬಿಚ್ಚಿ ಹಿಂಜಿದ. ಓಣಿಯವರು ತಮ್ಮವನ್ನು ತಂದರು. ದೊಡ್ಡಬಸಮ್ಮನ ದಿಂಬು ಉಬ್ಬಿ ಉಬ್ಬಿ ಬಾಗಿಲಲ್ಲಿ ಹಿಡಿಸದೆ ಮಾಡು ತೆಗೆದು ಒಳಗಿಳಿಸಬೇಕಾಯಿತು. ಕುರುಗೋಡಿನಲ್ಲಿ ಹಿಂಜಲು ಅರಳೆಯೇ ಉಳಿಯದಾದಾಗ ಅವನು ಬರಿಯ ತಂತಿಯನ್ನು ಹೊಡೆಯುತ್ತಾ ಕೂತ. ಕೆಳಗೆ ಏನೂ ಇಲ್ಲ, ಸುಡುವ ನೆಲ ಮಾತ್ರ.

ಜನಕ್ಕೆ ಅದು ತಮಾಷೆ. ಕರೀಮಸಾಬನ ಹೊಟ್ಟೆಯೊಳಗಿನದು ಬೇರೆ. ಹೊಡೆಯುವಾಗ ಕೂಸು ಮಲಗಿರುತ್ತದೆ. ಮಲಗಿದ ಕೂಸು ಹೇಗಿದೆಯೆಂದು ಯಾರಿಗೆ ಗೊತ್ತು? ಹಿಂದಿನ ಎರಡೂ ಮಧ್ಯಾಹ್ನವೇ, ಹೀಗೇ ಮಲಗಿದ್ದವು. ನಿಲ್ಲಿಸಿದರೆ ಅಳಬೇಕು. ಅತ್ತರೆ ಐತಿ. ಅಳದಿದ್ದರೆ? ಆದ್ದರಿಂದ ಅವನಿಗೆ ನಿಲ್ಲಿಸುವ ಧೈರ್ಯವಿಲ್ಲ, ನಿಲ್ಲಿಸದೆ ಇರುವ ಧೈರ್ಯವೂ ಇಲ್ಲ.

ಒಂದು ಮಧ್ಯಾಹ್ನ ಅವನು ಹೊಡೆಯಲು ಕೂತು ಬಹಳ ಹೊತ್ತಾಗಿತ್ತು, ಒಳಗೆ ಅಕ್ತರಬಿಗೂ ನಿದ್ದೆ ಹತ್ತಿತ್ತು. ಮದಾರಬೀ ಗೋಡೆಯ ನೆರಳಿನಲ್ಲಿ ಕೂತಿದ್ದಳು.

"ನಿಲ್ಲಸಿ ನೋಡಲೇ."

"ನೀ ಒಳಗ ಹೋಗಿ ನೋಡವ್ವಾ."

"ನನ್ನ ಕಾಲು ಏಳವಲ್ಲವೋ ಕರೀಮಾ."

ಕರೀಮಸಾಬ ಕೊಡತಿಯನ್ನು ಗಾಳಿಯಲ್ಲೇ ಹಿಡಿದ. ತಂತಿಯ ನಡುಕ ಸಣ್ಣಗಾಗಿ ನಿಂತಿತು. ಓಣಿಯಲ್ಲಿ ಕಾಗೆಯೂ ಕೂಗಲಿಲ್ಲ. ಅವನು ಕಣ್ಣು ಮುಚ್ಚಿ, ದಂಡೆಯ ಮೇಲಿನ ಆ ಮುದುಕನ ಹಾಗೆ, ಬಾಗಿಲಿನ ಕಡೆ ಕಿವಿಯಿಟ್ಟು ಕೂತ. ಹಣೆಯ ಬೆವರು ಇಳಿದು ತುಟಿಗೆ ಬಂತು. ಸಮುದ್ರದ ರುಚಿ.

ಒಳಗೆ ಏನೂ ಇಲ್ಲ. ಇನ್ನೂ ಏನೂ ಇಲ್ಲ.

ಆಮೇಲೆ, ಬೆಕ್ಕಿನ ಮರಿಯ ಹಾಗೆ, ತೀರಾ ಸಣ್ಣಗೆ, ಅತ್ತಿತು.

"ಅತ್ತಿತವ್ವಾ!" ಎಂದು ಕರೀಮಸಾಬ ಮೂಗು ಒರೆಸಿಕೊಂಡ. "ಕಳ್ಳಿ, ಎಷ್ಟು ಹೊತ್ತು ಮಾಡ್ತಾಳ ನೋಡು!"

ನಲವತ್ತರ ಸ್ನಾನ ಇನ್ನೂ ದೂರವಿತ್ತು. ಅವನು ಕೊಡತಿ ಎತ್ತಿ ಬರಿಯ ತಂತಿಗೆ ಹೊಡೆದ. ಟುಂಯ್.